ಪೆನ್ಸಿಲ್ ನೆಂಟರು

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಮಹಾಶಯರು ತೀರಿಕೊಂಡು ತಿಂಗಳಾಯಿತು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಮ್ಮ ಹೇಳುತ್ತಾಳೆ. ಹೇಳುವುದು ಸುಲಭ. ಐದು ವರ್ಷ ನನ್ನ ಭಾನುವಾರಗಳನ್ನು ತಿಂದ ಮನುಷ್ಯ ಅವರು. ಹೋಗುವಾಗಲೂ ಸುಮ್ಮನೆ ಹೋಗಲಿಲ್ಲ, ನನ್ನ ತಲೆಗೊಂದು ಕೆಲಸ ಕಟ್ಟಿಯೇ ಹೋದರು. ಅದೇನೆಂದು ಆಮೇಲೆ ಹೇಳುತ್ತೇನೆ. ಮೊದಲು ಆಸಾಮಿ ಹೇಗಿದ್ದರು ಎಂಬುದನ್ನು ಹೇಳದಿದ್ದರೆ ನನ್ನ ಸಿಟ್ಟಿನ ನ್ಯಾಯ ನಿಮಗೆ ತಿಳಿಯುವುದಿಲ್ಲ.

ಊರು ಉಡುಪಿಯ ಆಚೆ ಎಲ್ಲೋ. ಮುಂಬಯಿ ಹತ್ತಿರದ ನಮ್ಮ ಡೊಂಬಿವಿಲಿಗೆ ಬಂದು ನಲವತ್ತು ವರ್ಷದ ಮೇಲಾಗಿತ್ತು. ಒಂದು ವಿಮಾ ಕಂಪನಿಯಲ್ಲಿ ಕ್ಲೇಮುಗಳ ಕಾಗದಪತ್ರ ಪರಿಶೀಲಿಸುವ ಕೆಲಸ ಮಾಡಿ ನಿವೃತ್ತರಾದವರು. ಅಂದರೆ ಗಂಡ ಸತ್ತ ಎಂದು ಅಳುತ್ತಾ ಬಂದವಳಿಗೆ, ಸತ್ತದ್ದು ಹೌದು ಅಂತ ಕಾಗದ ತನ್ನಿ ಎನ್ನುವ ಕೆಲಸ. ಮದುವೆಯಾಗಿರಲಿಲ್ಲ. ಬದಲಾಪುರದಲ್ಲಿ ಒಬ್ಬ ತಂಗಿ, ಆ ತಂಗಿಗೆ ಒಬ್ಬಳು ಮಗಳು, ಅಷ್ಟೇ ಸಂಸಾರ. ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಮೊಂಡು ಪೆನ್ಸಿಲ್, ಪಕ್ಕದಲ್ಲಿ ಒಂದು ಇಂಕಿನ ಪೆನ್ನು. ಪೆನ್ಸಿಲ್ ದಿನಕ್ಕೆ ಹತ್ತು ಸಲ ಹೊರಬರುತ್ತಿತ್ತು. ಪೆನ್ನಿನ ಮುಚ್ಚಳ ತೆರೆದದ್ದನ್ನು ನಾನು ನೋಡಿದ್ದು ಎರಡೇ ಸಲ.

ನಿವೃತ್ತಿಯ ಮೇಲೆ ಅವರಿಗೆ ಹತ್ತಿಕೊಂಡದ್ದು ವಂಶವೃಕ್ಷದ ಹುಚ್ಚು. ಠಾಣೆಯಿಂದ ಕಲ್ಯಾಣದವರೆಗೆ ಇರುವ ನಮ್ಮ ಕಡೆಯ ಕುಟುಂಬಗಳನ್ನೆಲ್ಲ ಒಂದು ನಕ್ಷೆಗೆ ತರುತ್ತೇನೆ ಎಂದು ಹೊರಟರು. ಊಟದ ಮೇಜಿಗೆ ಹಾಸುವಷ್ಟು ದೊಡ್ಡ ಹಾಳೆಗಳು, ಅದರ ತುಂಬ ಚೌಕಗಳು. ದಾಖಲೆ ಸಿಕ್ಕಿದ ಹೆಸರು ಇಂಕಿನಲ್ಲಿ, ಸಿಗದ ಹೆಸರು ಪೆನ್ಸಿಲ್‌ನಲ್ಲಿ. ಇದು ನಿಯಮ. ಅವರ ಸ್ವಂತ ಅಜ್ಜ ಪೆನ್ಸಿಲ್‌ನಲ್ಲಿದ್ದ.

"ಅಜ್ಜ ಇಲ್ಲದೆ ನೀವು ಹುಟ್ಟಿದ್ದು ಹೇಗೆ?" ಎಂದು ನಾನೊಮ್ಮೆ ಕೇಳಿದೆ.

"ಅಜ್ಜ ಒಬ್ಬ ಇದ್ದ ಎನ್ನುವುದು ಸರಿ ಮಾರಾಯ. ಇವನೇ ಅವನು ಎನ್ನಲಿಕ್ಕೆ ಕಾಗದ ಎಲ್ಲುಂಟು?"

ಮುಂಬಯಿಯ ಕಡೆ ನಮಗೆಲ್ಲ ಒಂದು ಅಭ್ಯಾಸ. ಪಕ್ಕದ ಮನೆಯವರು, ಹಾಲಿನವನು, ರಿಕ್ಷಾದವನು, ಎಲ್ಲರೂ ಮಾಮ, ಕಾಕಾ, ಅಕ್ಕ. ಯಾರ ಗಂಟೇನು ಹೋಗುತ್ತದೆ? ಆದರೆ ಇವರಿಗೆ ಅದು ಆಗದು. ನಾನು ಮೊದಲ ಸಲ ಮೆಟ್ಟಿಲಲ್ಲಿ "ಹೇಗಿದ್ದೀರಿ ಮಾಮ?" ಎಂದದ್ದಕ್ಕೆ ಸಾಮಾನಿನ ಚೀಲ ಕೆಳಗಿಟ್ಟು ನಿಂತರು. "ನಾನು ನಿನಗೆ ಯಾವ ಕಡೆಯ ಮಾಮ? ನಿನ್ನ ತಾಯಿ ಮತ್ತು ನಾನು ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಾ? ಸಂಬಂಧ ಇಲ್ಲದವರನ್ನು ಮಾಮ ಅಂದರೆ ಅದು ಸುಳ್ಳು ದಾಖಲೆ." ಎರಡೂ ಕೈಯಲ್ಲಿ ನೀರಿನ ಕ್ಯಾನ್ ಹಿಡಿದಿದ್ದ ನಾನು ಇದನ್ನೆಲ್ಲ ಕೇಳಿಸಿಕೊಳ್ಳಬೇಕಾಯಿತು. ಅಮ್ಮನನ್ನಂತೂ ಅವರು ಮನೆ ನಂಬರಿನಿಂದಲೇ ಕರೆಯುತ್ತಿದ್ದುದು. "ನೂರಾ ಮೂರರವರು ಒಳಗೆ ಉಂಟಾ?" ಎಂದು ಅಮ್ಮನನ್ನೇ ಕೇಳುತ್ತಿದ್ದರು. "ನಾನೇನು ಲೈಟಿನ ಮೀಟರಾ?" ಎಂದು ಅಮ್ಮ ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು.

ಲೋಕಲ್ ಟ್ರೇನಿನಲ್ಲಿ ಅವರ ಜೊತೆ ಹೋಗುವುದು ಒಂದು ಶಿಕ್ಷೆ. ಯಾರಾದರೂ ಫೋನಿನಲ್ಲಿ ತುಳು ಮಾತಾಡಿದರೆ ಮುಗಿಯಿತು. ಜನ ಒಬ್ಬರ ಮೇಲೊಬ್ಬರು ನಿಂತಿರುವಾಗ ಆ ಪುಣ್ಯಾತ್ಮನ ಮೂಗಿನ ಹತ್ತಿರ ಮುಖ ತಂದು ಊರು, ಮನೆ, ತಾಯಿಯ ಹೆಸರು, ಎಲ್ಲ ಕೇಳಿಬಿಡುವರು. ದಿವಾ ಸ್ಟೇಷನ್ನಿನಲ್ಲಿ ಶುರುವಾದರೆ ಮುಂದಿನ ಮುಂಬ್ರಾ ಬರುವಷ್ಟರಲ್ಲಿ ಆತನ ಅಜ್ಜಿ ಪೆನ್ಸಿಲ್‌ನಲ್ಲಿ ಬಂದಾಗಿರುತ್ತಿತ್ತು. ಒಬ್ಬ ತಪ್ಪಿಸಿಕೊಳ್ಳಲು ಕಳವಾ ಸ್ಟೇಷನ್ನಿನಲ್ಲಿ ಇಳಿದೇ ಹೋದ. ಅವನು ಹೋಗಬೇಕಾದದ್ದು ದಾದರಿಗೆ.

ನನಗಂತೂ ಬಿಡುಗಡೆಯೇ ಇರಲಿಲ್ಲ. "ಬರ್ತ್ ಸರ್ಟಿಫಿಕೇಟ್ ತಂದೆಯಾ?" ಇದು ಅವರು ನನಗೆ ಹೇಳುವ ನಮಸ್ಕಾರ. ನಾನು ಹುಟ್ಟಿದ್ದು ಕಲ್ಯಾಣದಲ್ಲಿ. ಹಳೆಯ ಮನೆಗೆ ನೀರು ನುಗ್ಗಿದ ವರ್ಷ ಕಾಗದವೆಲ್ಲ ಹೋಯಿತು. ಶಾಲೆ ಬಿಟ್ಟ ಸರ್ಟಿಫಿಕೇಟ್ ತೋರಿಸಿದೆ. "ಇದು ನೀನು ಶಾಲೆ ಬಿಟ್ಟದ್ದಕ್ಕೆ ಸಾಕ್ಷಿ. ಹುಟ್ಟಿದ್ದಕ್ಕೆ ಅಲ್ಲ," ಎಂದರು. ಎದುರಿಗೆ ಕೂತಿದ್ದೇನಲ್ಲ ಎಂದರೆ, ಕೂತದ್ದು ಕಾಣುತ್ತದೆ, ಯಾರ ಮಗನಾಗಿ ಕೂತದ್ದು ಎಂದು ಕಾಣುವುದಿಲ್ಲ ಎಂದರು. ಕಲ್ಯಾಣಕ್ಕೆ ಹೋಗಿ ಹೊಸ ಪ್ರತಿ ತೆಗೆಸು ಎಂದು ಐದು ವರ್ಷ ಹೇಳಿದರು. ನಾನು ಐದು ವರ್ಷವೂ ಹೋಗಲಿಲ್ಲ. ಹಟಕ್ಕೆ ಹಟ.

ಇಷ್ಟು ಕಾಟ ಕೊಡುವವರನ್ನು ಮನೆಯೊಳಗೆ ಯಾಕೆ ಬಿಟ್ಟುಕೊಂಡಿರಿ ಎಂದು ಕೇಳಬಹುದು. ಅದಕ್ಕೆ ಕಾರಣ ಅಮ್ಮ.

ಅಮ್ಮನಿಗೆ ತನ್ನ ಮೂಲ ಗೊತ್ತಿಲ್ಲ. ಅವಳ ತಾಯಿ ಊರಿನಿಂದ ಕೂಸನ್ನು ಎತ್ತಿಕೊಂಡು ಕಲ್ಯಾಣಕ್ಕೆ ಬಂದು ಸ್ಟೇಷನ್ ಹತ್ತಿರದ ನಮ್ಮವರದೇ ಒಂದು ಹೋಟೆಲಿನಲ್ಲಿ ಅಕ್ಕಿ ಆರಿಸುವ, ಕಾಯಿ ತುರಿಯುವ ಕೆಲಸಕ್ಕೆ ಸೇರಿದವಳು. ಅಮ್ಮನಿಗೆ ನಾಲ್ಕು ವರ್ಷವಾಗಿದ್ದಾಗ ಜ್ವರ ಬಂದು ಠಾಣೆಯ ಆಸ್ಪತ್ರೆಯಲ್ಲಿ ಸತ್ತಳು. ಹೋಟೆಲಿನ ಧನಿಗಳ ಹೆಂಡತಿ ಅಮ್ಮನನ್ನು ಸಾಕಿದರು. "ನಿನ್ನ ತಾಯಿಯ ಹೆಸರೇನು?" ಎಂದರೆ ಅಮ್ಮ, "ಅಮ್ಮ ಅಂತ ಕರೀತಿದ್ದೆ. ಹೆಸರು ಯಾಕೆ ಬೇಕಿತ್ತು ನಂಗೆ?" ಎನ್ನುತ್ತಾಳೆ.

ನಮ್ಮದು ಅಳಿಯಸಂತಾನದ ಜನ. ನಮ್ಮಲ್ಲಿ ವಂಶಕ್ಕೆ ಬರಿ ಎಂದು ಹೆಸರು, ಅದು ತಾಯಿಯಿಂದ ಮಕ್ಕಳಿಗೆ ಬರುವುದು. ಮದುವೆ ಮಾತಾಡುವಾಗ ಮೊದಲು ಕೇಳುವುದು ಅದನ್ನೇ. ನಾಗ ಕೂಡ ತಾಯಿಯ ಮನೆತನದ್ದು. ನಾಗರಪಂಚಮಿಗೆ ಊರಿನ ಮೂಲಸ್ಥಾನದಲ್ಲಿ ಹಾಲೆರೆಯುವ ಹಕ್ಕು ಆ ಹೆಣ್ಣಿನ ಹೊಟ್ಟೆಯಿಂದ ಬಂದವರಿಗೆ. ಅಮ್ಮನ ಮದುವೆಗೆ ಬರಿ ಕೇಳಿದಾಗ ಹೋಟೆಲಿನ ಧನಿಗಳು ತಮ್ಮ ಹೆಂಡತಿಯದನ್ನೇ ಹೇಳಿ ಕೆಲಸ ಮುಗಿಸಿದ್ದರು. ಆಮೇಲೊಮ್ಮೆ ಅಮ್ಮ ಅವರ ಜೊತೆ ಊರಿಗೆ ಹೋಗಿ ಅವರ ನಾಗನ ಮುಂದೆ ಹಾಲಿನ ತಂಬಿಗೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಯಾರೋ, "ಇವಳು ಯಾರು? ಇವಳಿಗೇನು ಇಲ್ಲಿ?" ಎಂದರಂತೆ. ತಂಬಿಗೆ ಕೆಳಗಿಟ್ಟು ಬಂದಳು. ಮತ್ತೆ ಹೋಗಲಿಲ್ಲ. ಪಂಚಮಿಯ ದಿನ ಬಿಲ್ಡಿಂಗಿನವರಿಗೆಲ್ಲ ಅವರವರ ಊರಿನಿಂದ ಅರಶಿನದ ಪ್ರಸಾದ ಬರುತ್ತದೆ. ಅಮ್ಮ ಪಕ್ಕದ ಮನೆಯವರದನ್ನು ಒಂದು ಚಿಟಿಕೆ ಕೇಳಿ ಹಚ್ಚಿಕೊಳ್ಳುತ್ತಾಳೆ.

"ಸಾಯುವ ಮೊದಲು ಒಂದು ಸಲ, ನನ್ನದು ಅನ್ನುವ ನಾಗನಿಗೆ ಹಾಲೆರೆಯಬೇಕು," ಎಂದು ಅಮ್ಮ ಒಂದು ಪಂಚಮಿಯ ದಿನ ಬಾಗಿಲಲ್ಲಿ ನಿಂತು ಹೇಳಿದಳು. ನನಗೆ ಹೇಳಿದ್ದು. ಮೆಟ್ಟಿಲು ಹತ್ತುತ್ತಿದ್ದ ಅವರಿಗೂ ಕೇಳಿಸಿತು. ಅಲ್ಲೇ ನಿಂತು ಪೆನ್ಸಿಲ್ ತೆಗೆದರು.

ಅಲ್ಲಿಂದ ಶುರು. ಅಮ್ಮ ಕಲಿತ ಕಲ್ಯಾಣದ ಶಾಲೆಯ ಹಳೆಯ ರಿಜಿಸ್ಟರಿಗೆ ನಾಲ್ಕು ಸಲ ಓಡಾಡಿದರು. ತಂದೆಯ ಕಾಲಮ್ಮಿನಲ್ಲಿ ಹೋಟೆಲಿನ ಧನಿಗಳ ಹೆಸರು, ತಾಯಿಯ ಕಾಲಮ್ಮೇ ಇಲ್ಲ. ಠಾಣೆಯಲ್ಲಿ ಸಾವಿನ ಹಳೆಯ ಪುಸ್ತಕಗಳನ್ನು ನೋಡಲು ಅನುಮತಿ ಬೇಡಿ ಬೇಡಿ ಅಲ್ಲಿನ ಗುಮಾಸ್ತನ ಜೀವ ಹಿಂಡಿದರು. ಅವರನ್ನು ಕಂಡ ಕೂಡಲೇ ಆತ ಊಟಕ್ಕೆ ಏಳುತ್ತಿದ್ದನಂತೆ, ಬೆಳಿಗ್ಗೆ ಹನ್ನೊಂದಕ್ಕೆ. ಕೊನೆಗೆ ಏಳನೇ ತಿಂಗಳಿಗೆ ಒಂದು ಜೆರಾಕ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಒಂದೇ ಸಾಲು. ಹೆಸರಿನ ಜಾಗದಲ್ಲಿ "ಮದ್ರಾಸಿ ಬಾಯಿ," ಅಂದರೆ ದಕ್ಷಿಣದ ಕಡೆಯ ಹೆಂಗಸು ಎಂದಷ್ಟೇ. ವಯಸ್ಸು ಅಂದಾಜು ಇಪ್ಪತ್ತೈದು. ಜ್ವರ. ತಿಳಿಸಿದವರು ಎನ್ನುವಲ್ಲಿ ಹೋಟೆಲಿನ ಧನಿಗಳ ಸಹಿ.

ಅಮ್ಮ ಆ ಸಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ, "ಇಪ್ಪತ್ತೈದಾ?" ಎಂದಳು. "ನನ್ನ ಮೊಮ್ಮಗಳಿಗಿಂತ ಚಿಕ್ಕವಳು."

ಈ ಮನುಷ್ಯ ಮಾತ್ರ ಹಾಳೆ ಬಿಡಿಸಿ ಆ ಚೌಕದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದರು. ಇದನ್ನಾದರೂ ಇಂಕಿನಲ್ಲಿ ಬರೆಯಿರಿ ಎಂದಳು ಅಮ್ಮ. "ಸಾಲದು," ಎಂದರು ತಲೆ ಎತ್ತದೆ. "ಹೆಸರೇ ಇಲ್ಲ. ಹೆಸರಿಲ್ಲದವರನ್ನು ಇಂಕಿನಲ್ಲಿ ಬರೆಯುವುದು ಹೇಗೆ?" ಅವರನ್ನು ಹಾಳೆಯ ಸಮೇತ ಸುರುಳಿ ಸುತ್ತಿ ಬಾಗಿಲಾಚೆ ಇಡಬೇಕು ಎನ್ನಿಸಿತು ನನಗೆ.

ಕಾಗದ ಮುಗಿದ ಮೇಲೆ ಡಿಎನ್‌ಎ ಬಂತು. ಎಲ್ಲಿಂದಲೋ ಒಂದು ಡಬ್ಬಿ ತರಿಸಿದರು. ಒಳಗೊಂದು ಸಣ್ಣ ನಳಿಗೆ, ಅದರಲ್ಲಿ ಉಗುಳಬೇಕು. ಪರಗಂಡಸಿನ ಮುಂದೆ ಉಗುಳುವುದಿಲ್ಲ ಎಂದಳು ಅಮ್ಮ. ಅವರು ಗೋಡೆಯ ಕಡೆ ತಿರುಗಿ ನಿಂತರು. ಆದರೂ ಅವಳ ಬಾಯಿ ಒಣಗಿ ಏನೂ ಬರಲಿಲ್ಲ. "ನೀನು ಉಗುಳು," ಎಂದರು ನನಗೆ, "ತಾಯಿಯ ರಕ್ತವೇ ಅಲ್ಲವಾ ಮಗನದ್ದು?" ಗೆರೆಯವರೆಗೆ ತುಂಬಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತು ಹುಣಸೆಹುಳಿ ನೆನೆಸಿಕೋ, ಮಾವಿನಕಾಯಿ ನೆನೆಸಿಕೋ ಎಂದು ಹುರಿದುಂಬಿಸಿದರು. ನನ್ನ ವಯಸ್ಸು ಐವತ್ತೆರಡು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದು, "ಸಿಕ್ಕಿತು!" ಎಂದರು. ಮುಖ ಹೊಳೆಯುತ್ತಿತ್ತು. ನವಿ ಮುಂಬಯಿಯ ನೆರೂಳಿನಲ್ಲಿರುವ ನಮ್ಮ ಕಡೆಯವರೊಬ್ಬರದೂ ನನ್ನದೂ ಒಂದೇ ವಂಶ ಎಂದು ವರದಿ ಬಂದಿತ್ತು. ಆ ಮನೆಯವರೂ ಉತ್ತರ ಕೊಟ್ಟಿದ್ದರು, ಬನ್ನಿ ಎಂದು. ಅಮ್ಮ ಮೊದಲು ಕುರ್ಚಿಯಲ್ಲಿ ಕೂತಳು. ಆಮೇಲೆ ಎದ್ದು ಹೋಗಿ ಕಪಾಟಿನಿಂದ ರೇಷ್ಮೆ ಸೀರೆ ತೆಗೆದಳು. ತಾಯಿಯ ಕಡೆಯವರ ಮನೆಗೆ ಮೊದಲ ಸಲ ಹೋಗುವುದು ಎಂದು ಬೆಳಿಗ್ಗೆಯೇ ತೆಂಗಿನಕಾಯಿ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು. ಮಂಡಿನೋವಿನವಳು ಠಾಣೆಯ ಸೇತುವೆಯನ್ನು ಹತ್ತಿ ಇಳಿದು ನೆರೂಳಿನ ಗಾಡಿ ಹಿಡಿದಳು. ಒಮ್ಮೆಯೂ ನೋವು ಎನ್ನಲಿಲ್ಲ.

ನೆರೂಳಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಅಮ್ಮ ತನ್ನ ಮದುವೆಯ ಫೋಟೋ ತಂದಿದ್ದಳು, ತನ್ನ ಮುಖ ಯಾರಿಗಾದರೂ ಗುರುತು ಹತ್ತೀತೇನೋ ಎಂದು. ಅಜ್ಜಿ ಕನ್ನಡಕ ಹಾಕಿ ನೋಡಿದರು. ಬೆರಳಿಟ್ಟದ್ದು ಅಮ್ಮನ ಮೇಲಲ್ಲ, ಎಂದೋ ತೀರಿಹೋದ ನನ್ನ ಅಪ್ಪನ ಮೇಲೆ. "ಇವ ನಮ್ಮ ಮಾವನ ತಮ್ಮನ ಮಗ ಅಲ್ವಾ? ಇವನ ಮದುವೆಗೆ ನಾನು ಬಂದಿದ್ದೆ!"

ಅಮ್ಮ ಫೋಟೋ ವಾಪಸು ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ನಮ್ಮನ್ನು ಕರೆತಂದವರ ಕಡೆ ತಿರುಗಿ ತಣ್ಣಗೆ ಕೇಳಿದಳು. "ಇದು ನನ್ನ ಗಂಡನ ಕಡೆ. ಬರಿ ಗಂಡಸಿಂದ ಬರ್ತದಾ?"

ಆ ಮಹಾಶಯರು ತರಿಸಿದ್ದು ಗಂಡು ಸಂತಾನದ ಪರೀಕ್ಷೆ. ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಹೋಗುವ ಗೆರೆ ಅದು. ನನ್ನ ಉಗುಳಿನಲ್ಲಿ ಸಿಕ್ಕಿದ್ದು ನನ್ನ ಅಪ್ಪ. ಊರೆಲ್ಲ ಬರಿ ಕೇಳಿಕೊಂಡು ತಿರುಗಿದ ಮನುಷ್ಯ, ತಾಯಿಯ ಹೆಸರು ಹೇಳಿಸದೆ ಟ್ರೇನಿನಲ್ಲಿ ಒಬ್ಬರನ್ನೂ ಇಳಿಯಲು ಬಿಡದ ಮನುಷ್ಯ, ನನ್ನ ಅಮ್ಮನನ್ನು ರೇಷ್ಮೆ ಸೀರೆ ಉಡಿಸಿ ಎರಡು ಗಾಡಿ ಬದಲಿಸಿ ಕರೆದುಕೊಂಡು ಹೋದದ್ದು ಅವಳ ಗಂಡನ ಮನೆಗೆ! ಹಿಂದಕ್ಕೆ ಬರುವಾಗ ಡಬ್ಬಿ ಖಾಲಿಯಾಗಿತ್ತು. ಹೋಳಿಗೆ ಅವರೆಲ್ಲ ಚಪ್ಪರಿಸಿ ತಿಂದಿದ್ದರು. ಅಮ್ಮ ಠಾಣೆಯ ಸೇತುವೆಯಲ್ಲಿ ಮೂರು ಕಡೆ ಕೂತಳು.

ಒಂದು ವಾರ ಅವರ ಸುಳಿವಿಲ್ಲ. ಎಂಟನೇ ದಿನ ಬಾಗಿಲಲ್ಲಿ ನಿಂತು, ಒಳಗೆ ಬರದೆ ಹೇಳಿದರು. "ತಪ್ಪು ನನ್ನದು. ಮೂವತ್ತೈದು ವರ್ಷ ಫಾರಮ್ಮಿನಲ್ಲಿ ತಂದೆಯ ಹೆಸರು ಉಂಟಾ, ತಂದೆಯ ಹೆಸರು ಉಂಟಾ ಅಂತ ನೋಡಿ ನೋಡಿ ತಲೆ ಹಾಗೇ ಆಗಿದೆ." ಅಮ್ಮ ಕರಗಿ ಚಹಾ ಕೊಟ್ಟಳು. ಅವರು ಚಹಾ ಕುಡಿದು ಕಿಸೆಯಿಂದ ಇನ್ನೊಂದು ನಳಿಗೆ ತೆಗೆದರು. ತಾಯಿಯ ಗೆರೆಯದ್ದು. ಅದೂ ಮಗನ ಉಗುಳಿನಲ್ಲಿ ಸಿಗುತ್ತದಂತೆ. ನಾನು ಮತ್ತೆ ಹುಣಸೆಹುಳಿ ನೆನೆಸಿಕೊಂಡೆ.

ಈ ಸಲ ಯಾರೂ ಸಿಗಲಿಲ್ಲ. ತಂದೆಯ ಕಡೆ ಹುಡುಕುವವರು ಬೇಕಷ್ಟು ಜನ, ತಾಯಿಯ ಕಡೆ ಉಗುಳಿದವರೇ ಕಡಿಮೆ ಎಂದರು. ವರದಿ ಮಡಚುತ್ತಾ, "ನನ್ನದಕ್ಕೂ ಹೊಂದುವುದಿಲ್ಲ," ಎಂದರು.

"ನಿಮ್ಮದನ್ನು ಯಾಕೆ ನೋಡಿದ್ದು?" ಎಂದಳು ಅಮ್ಮ.

"ಸುಮ್ಮನೆ. ಉಂಟಾ ಅಂತ."

ಅಮ್ಮನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಇಲ್ಲದ ಆಸೆ ಹುಟ್ಟಿಸುವುದು ಪಾಪ ಎಂದೆ. ಅವಳು ನೆಮ್ಮದಿಯಾಗಿ ಪಕ್ಕದ ಮನೆಯ ಅರಶಿನ ಹಚ್ಚಿಕೊಳ್ಳುತ್ತಿದ್ದಳು, ಅದನ್ನೂ ಕೆಡಿಸಿದಿರಿ, ನಿಮ್ಮ ಪೆನ್ಸಿಲ್ ತೆಗೆದುಕೊಂಡು ಹೋಗಿ ಎಂದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾ ನಿಧಾನವಾಗಿ ಹೇಳಿದ್ದು ಇಷ್ಟೇ: "ಬರ್ತ್ ಸರ್ಟಿಫಿಕೇಟ್ ಮಾತ್ರ ತೆಗೆಸಿಡು." ನಾನು ಬಾಗಿಲು ಹಾಕಿಕೊಂಡೆ. ಸಪ್ಪಳವಾಗುವ ಹಾಗೆ ಹಾಕಿದೆ. ಆ ಸಪ್ಪಳ ಈಗ ನನಗೆ ಬಹಳ ಸಲ ಕೇಳಿಸುತ್ತದೆ.

ಆಮೇಲಿನ ನಾಲ್ಕು ತಿಂಗಳು ಮೆಟ್ಟಿಲಲ್ಲಿ ಸಿಕ್ಕರೆ ತಲೆ ಆಡಿಸಿ ದಾಟಿಹೋಗುತ್ತಿದ್ದೆವು. ಅವರಿಗೆ ಹೃದಯದ ತೊಂದರೆ ಇತ್ತೆಂದು ನನಗೆ ಗೊತ್ತಾದದ್ದು ಅವರು ಹೋದ ದಿನ ಬೆಳಿಗ್ಗೆ, ವಾಚ್‌ಮನ್ ಹೇಳಿದ ಮೇಲೆ. ಯಾವ ಕಾಗದವನ್ನೂ ಬಿಡದ ಮನುಷ್ಯ ತಮ್ಮ ಆಸ್ಪತ್ರೆಯ ಕಾಗದವನ್ನು ಒಬ್ಬರಿಗೂ ತೋರಿಸಿರಲಿಲ್ಲ.

ಹದಿಮೂರನೆಯ ದಿನದ ಕ್ರಿಯೆ ಕಳೆದ ಮೇಲೆ ಬದಲಾಪುರದಿಂದ ಅವರ ತಂಗಿಯ ಮಗಳು ಬಂದಳು. ಇಲ್ಲೇ ಹುಟ್ಟಿದ ಹುಡುಗಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ. ಉದ್ದದ ಸುರುಳಿಯೊಂದನ್ನು ಅಮ್ಮನ ಮಡಿಲಿಗಿಟ್ಟು, "ಮಾಮಾ ನೆ ಬೋಲಾ ಥಾ, ಯೆ ಆಪ್ ಕೋ ಹೀ ದೇನಾ ಹೈ," ಎಂದಳು. ನಿಮಗೇ ಕೊಡಬೇಕೆಂದು ಮಾಮ ಹೇಳಿದ್ದರು ಎಂದು.

ಬಿಡಿಸಿದೆವು. ಅದು ಅವರ ಸ್ವಂತ ಕುಟುಂಬದ ಹಾಳೆ. ಮೇಲೆ ಅಜ್ಜಿ, ಅಜ್ಜ. ಅಜ್ಜ ಇನ್ನೂ ಪೆನ್ಸಿಲ್‌ನಲ್ಲೇ. ಕೆಳಗೆ ಅವರ ತಾಯಿ, ಇಂಕಿನಲ್ಲಿ. ತಾಯಿಯ ಕೆಳಗೆ ಮೂರು ಚೌಕ. ಎರಡನೆಯದು ಅವರದು, ಮೂರನೆಯದು ತಂಗಿಯದು. ಮೊದಲನೆಯದರಲ್ಲಿ ನೀಲಿ ಇಂಕಿನಲ್ಲಿ, ದಪ್ಪಗೆ, ನನ್ನ ಅಮ್ಮನ ಹೆಸರು. ಪಕ್ಕದಲ್ಲಿ, ಅಕ್ಕ. ಪ್ರತಿ ಹೆಸರಿಗೂ ಸಾಕ್ಷಿ ಬರೆಯುವ ಜಾಗ ಇರುತ್ತಿತ್ತಲ್ಲ, ಅಲ್ಲಿ, "ಕಾಗದ ಇಲ್ಲ. ನಾನು ಬಲ್ಲೆ." ಕೆಳಗೆ ಪೂರ್ತಿ ಸಹಿ, ತಾರೀಕು, ಕ್ಲೇಮು ಮಂಜೂರು ಮಾಡಿದ ಹಾಗೆ. ತಾರೀಕು ನೋಡಿದೆ. ನಾನು ಬಾಗಿಲು ಹಾಕಿದ ಮಾರನೆಯ ದಿನದ್ದು.

ಸುರುಳಿಯ ಒಳಗೊಂದು ಪತ್ರದ ನಕಲೂ ಇತ್ತು. ಊರಿನಲ್ಲಿ ಅವರ ಮನೆತನದ ನಾಗನನ್ನು ನೋಡಿಕೊಳ್ಳುವ ಹಿರಿಯರಿಗೆ ಬರೆದದ್ದು. ನನ್ನ ಅಕ್ಕ ಪಂಚಮಿಗೆ ಬರುತ್ತಾಳೆ, ಮೊದಲ ಹಾಲು ಅವಳ ಕೈಯಿಂದ ಆಗಲಿ, ಯಾರಾದರೂ ಯಾರಿವಳು ಎಂದು ಕೇಳಿದರೆ ಈ ಪತ್ರ ತೋರಿಸಿ ಎಂದು. ಹುಡುಗಿ ಅಮ್ಮನ ಮೊಣಕಾಲು ಮುಟ್ಟಿ, ನಮ್ಮ ಜೊತೆ ಬರುತ್ತೀರಲ್ಲ ಎಂದು ಕೇಳಿದಳು. "ದೊಡ್ಡಮ್ಮ, ಪಂಚಮೀ ಕೋ ಹಮಾರೇ ಸಾಥ್ ಚಲೋಗೇ ನಾ?"

ಅಮ್ಮ ಅತ್ತಳು. ಅಳುತ್ತಲೇ ಬೈದಳು. "ಬದುಕಿದ್ದಾಗ ಒಂದು ಸಲ ಅಕ್ಕ ಅನ್ನಲಿಕ್ಕೆ ಬಾಯಿ ಇರಲಿಲ್ವಾ ಅವನಿಗೆ? ಮೀಟರ್ ನಂಬರ್ ಕರೆದ ಹಾಗೆ ಕರೀತಿದ್ದ, ಪೆದ್ದ!" ಧನಿಗಳು ಬರಿ ಕೊಟ್ಟದ್ದು ಮದುವೆ ಆಗಲಿ ಎಂದು, ಇವನು ಕೊಟ್ಟದ್ದು ನನಗೆ ಎಂದು ಆಮೇಲೆ ಯಾರಿಗೂ ಹೇಳದ ಹಾಗೆ ಹೇಳಿಕೊಂಡಳು. ನನಗೆ ಅವರ ಕಾಲು ಹಿಡಿಯಬೇಕು ಎನ್ನಿಸಿತು. ಹಿಡಿಯಲು ಕಾಲಿರಲಿಲ್ಲ.

ಆಗ ಕಂಡಿತು. ಅಮ್ಮನ ಚೌಕದಿಂದ ಕೆಳಗಿಳಿದ ಗೆರೆಯ ತುದಿಯಲ್ಲಿ ನಾನು. ಪೆನ್ಸಿಲ್‌ನಲ್ಲಿ. ಸಾಕ್ಷಿಯ ಜಾಗದಲ್ಲಿ, "ಜನನ ಪತ್ರ ಇನ್ನೂ ತಂದಿಲ್ಲ." ನನ್ನ ಅಮ್ಮನಿಗೆ ಕಾಗದ ಬೇಡ, ನನಗೆ ಬೇಕು! ಸತ್ತ ಮೇಲೂ ಬಿಡಲಿಲ್ಲವಲ್ಲ ಈ ಮನುಷ್ಯ ಎಂದು ಕೂಗಿಯೇಬಿಟ್ಟೆ. ಅಮ್ಮ ಕಣ್ಣೊರೆಸಿಕೊಂಡು, "ನಾಳೆಯೇ ಹೋಗಿ ತಾ," ಎಂದಳು. ಹುಡುಗಿ ಕೈಚೀಲದಿಂದ ಇಂಕಿನ ಪೆನ್ನು ತೆಗೆದು ಹಾಳೆಯ ಮೇಲಿಟ್ಟಳು.

ಹಾಗಾಗಿ ರಜೆ ಹಾಕಿ ಕಲ್ಯಾಣಕ್ಕೆ ಹೋದೆ. ಎರಡು ಗಂಟೆ ಕ್ಯೂ. ಫ್ಯಾನು ತಿರುಗುತ್ತಿರಲಿಲ್ಲ. ಹಿಂದಿನವನ ಚೀಲ ಬೆನ್ನಿಗೆ ಚುಚ್ಚುತ್ತಿತ್ತು. ಅವರನ್ನು ಮನಸ್ಸಿನಲ್ಲೇ ಬೈಯುತ್ತಾ ಬೈಯುತ್ತಾ ಕಿಟಕಿಯವರೆಗೆ ಬಂದೆ. ಒಳಗಿದ್ದ ಹೆಂಗಸು ನನ್ನ ಫಾರಮ್ಮನ್ನೂ ನನ್ನ ನರೆತ ತಲೆಯನ್ನೂ ಒಮ್ಮೆ ನೋಡಿ, "ಆತಾ ಯಾ ವಯಾತ್ ಜನ್ಮದಾಖ್ಲಾ ಕಶಾಲಾ ಪಾಹಿಜೆ ಕಾಕಾ?" ಎಂದಳು. ಈ ವಯಸ್ಸಿನಲ್ಲಿ ಯಾಕೆ ಬೇಕು ಎಂದು.

ಪಾಸ್‌ಪೋರ್ಟಿಗೆ ಎಂದು ಏನಾದರೂ ಹೇಳಿ ಮುಗಿಸಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಮಾಮಾನೀ ಮಾಗಿತ್ಲಾ ಆಹೆ," ಎಂದೆ. ಮಾಮ ಕೇಳಿದ್ದಾರೆ.